ಕನಕಪುರ ಲೋಕಸಭಾ ಕ್ಷೇತ್ರ ಎಲ್ಲಿಗೆ ಹೋಯ್ತು? ಹಳಬರು ಸ್ವಲ್ಪ ಹೇಳಿ

ಕಬ್ಬಾಳು ಕಡೆಯವ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಶಾಲೇಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ರು. ನಿಮ್ಮ ಲೋಕಸಭಾ ಕ್ಷೇತ್ರ ಯಾವುದು, ಇಲ್ಲೀವರೆಗೆ ಯಾರ್ಯಾರು ಸಂಸದರಾಗಿದ್ರು ಅಂತ ಬರ್ಕೊಂಡು ಬರ್ಬೇಕು. ನಾನು ಕೆಲಸದ ಗಡಿಬಿಡೀಲಿದ್ದೆ, ಅವಳು ಹೋಗಿ ಅಜ್ಜಿನ ಕೇಳಿದ್ದಾಳೆ. ನಮ್ಮವ್ವ ಹಿಂದೆಮುಂದೆ ನೋಡ್ದೆ "ಇನ್ಯಾವ್ದವ್ವ, ಕನಕಪುರ" ಅಂದವ್ರೆ. ಇವಳು ಸ್ಕೆಚ್ ಪೆನ್ನಲ್ಲಿ ದಪ್ಪಕ್ಷರದಲ್ಲಿ ಬರ್ಕೊಂಡು ಹೋದ್ಲು. ಕೆಂಪು ಶಾಯಿ ಗೀಟು ಎಳೆಸ್ಕೊಂಡು ವಾಪಸ್ ಬಂತು. ಪಕ್ಕದಲ್ಲಿ "ಇಂಥ ಕ್ಷೇತ್ರ ಇಲ್ಲ" ಅಂತ ಷರಾ.

ಅವ್ವಂಗೆ ಸಿಟ್ಟು ನೆತ್ತಿಗೇರ್ತು. ಟ್ರಂಕಿನ ತಳದಿಂದ ಅಪ್ಪನ ಕಾಗದದ ಕಟ್ಟು ತೆಗೆದು 1996ರ ಚುನಾವಣೆ ಕರಪತ್ರ ಒಂದನ್ನ ನನ್ನ ಮುಂದೆ ಇಟ್ರು. ಮಡಿಕೆ ಬಿದ್ದ ಕಡೆಯೆಲ್ಲ ಹರಿದೈತೆ. ಮುಂದ್ಗಡೆ ಚಕ್ರದ ಗುರುತು, "ಕನಕಪುರ ಲೋಕಸಭಾ ಕ್ಷೇತ್ರದ ಮತದಾರ ಬಾಂಧವರಲ್ಲಿ" ಅಂತ ಶುರು. ಹಿಂದ್ಗಡೆ ಖಾಲಿ ಜಾಗದಲ್ಲಿ ಅಪ್ಪ ಪೆನ್ಸಿಲ್ಲಲ್ಲಿ ರೇಷ್ಮೆ ಗೂಡಿನ ಲೆಕ್ಕ ಬರೆದವ್ರೆ. "ಇಲ್ಲ ಅಂದೋರ್ಗೆ ಇದನ್ನ ತೋರ್ಸು" ಅಂತ ಹಟ ಹಿಡಿದವ್ರೆ.

ನಂಗೆ ಗೊತ್ತಿರೋದು ಈಗ ನಾವು ಬೆಂಗಳೂರು ಗ್ರಾಮಾಂತರಕ್ಕೆ ಓಟು ಹಾಕ್ತೀವಿ ಅನ್ನೋದಷ್ಟೇ. ಕನಕಪುರ ಯಾವಾಗ ಹುಟ್ಟಿತ್ತು, ಯಾಕೆ ಹೋಯ್ತು, ಯಾರ್ಯಾರು ಗೆದ್ದಿದ್ರು? ಪಟ್ಟಿ ಸಿಕ್ಕಿದ್ರೆ ಮಗಳ ಪ್ರಾಜೆಕ್ಟೂ ಆಯ್ತದೆ, ಅವ್ವನ ಸಿಟ್ಟೂ ಇಳೀತದೆ.

ಬಸ್‌ಸ್ಟ್ಯಾಂಡ್ ಭೈರ:
ಅಜ್ಜಿಗೆ ನೂರಕ್ಕೆ ನೂರು. ನಮ್ಮೂರಲ್ಲೂ ವಯಸ್ಸಾದವರೆಲ್ಲ ಈಗಲೂ ಕನಕಪುರ ಎಂಪಿ ಅಂತಲೇ ಅನ್ನೋದು.

ಗೆರೆಗಾರ:
ಹುಟ್ಟಿದ್ದು 1967ರ ಚುನಾವಣೆಗೆ, ಮುಗಿದಿದ್ದು 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ. ಕೊನೇ ಚುನಾವಣೆ 2004. ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿ ಇಟ್ಕೊಂಡು ದೇಶದ ಬಹುತೇಕ ರಾಜ್ಯಗಳ ಗೆರೆಗಳನ್ನ ಹೊಸದಾಗಿ ಎಳೀತು. ಆಗ ಕನಕಪುರ ಹೋಗಿ ಬೆಂಗಳೂರು ಗ್ರಾಮಾಂತರ ಬಂತು. ಬೆಂಗಳೂರು ಕೇಂದ್ರ ಹುಟ್ಟಿದ್ದೂ ಅದೇ ಸಲ.

ಗೆದ್ದವರು: 1967ರಲ್ಲಿ ಎಂ.ವಿ. ರಾಜಶೇಖರನ್, 1971ರಲ್ಲಿ ಸಿ.ಕೆ. ಜಾಫರ್ ಷರೀಫ್, ಆಮೇಲೆ ಎಂ.ವಿ. ಚಂದ್ರಶೇಖರ ಮೂರ್ತಿ ಅವರದೇ ದೊಡ್ಡ ಇನ್ನಿಂಗ್ಸ್. 1977, 80, 84, 89, 91, ಮಧ್ಯೆ ಎರಡು ಸಲ ಬಿಟ್ಟು ಮತ್ತೆ 1999. ಒಟ್ಟು ಆರು ಸಲ, ಎಲ್ಲಾ ಕಾಂಗ್ರೆಸ್ಸಿಂದ. 1996ರಲ್ಲಿ ಎಚ್.ಡಿ. ಕುಮಾರಸ್ವಾಮಿ, ನಿಮ್ಮ ಕರಪತ್ರದಲ್ಲಿರೋ ಚಕ್ರ ಅದೇ, ಜನತಾದಳ. 1998ರಲ್ಲಿ ಬಿಜೆಪಿಯ ಎಂ. ಶ್ರೀನಿವಾಸ್. 2002ರ ಉಪಚುನಾವಣೇಲಿ ದೇವೇಗೌಡರು. 2004ರಲ್ಲಿ ತೇಜಸ್ವಿನಿ. ಅಲ್ಲಿಗೆ ಬಾಗಿಲು ಹಾಕ್ತು.

ಕಬ್ಬಾಳು ಕಡೆಯವ:
@ಗೆರೆಗಾರ ಅಬ್ಬಾ, ಇಷ್ಟು ಬೇಗ! ಜಾಫರ್ ಷರೀಫ್ ಅವರು ನಮ್ಮ ಎಂಪಿ ಆಗಿದ್ರು ಅನ್ನೋದೇ ಗೊತ್ತಿರ್ಲಿಲ್ಲ. ಬೆಂಗಳೂರು ಉತ್ತರದೋರು ಅಂತ ಅನ್ಕೊಂಡಿದ್ದೆ.

ಗೆರೆಗಾರ:
ಉತ್ತರಕ್ಕೆ ಹೋಗಿದ್ದು 1977ರಿಂದ. ಮೊದಲ ಸಲ ಲೋಕಸಭೆಗೆ ಹೋಗಿದ್ದು ಇಲ್ಲಿಂದಲೇ. ಹುಟ್ಟೂರು ಚಳ್ಳಕೆರೆ, ಗೆಲ್ಸಿದ್ದು ಕನಕಪುರ.

ಗೂಡು ಮಾರ್ಕೆಟ್:
ರೈಲ್ವೆ ಮಂತ್ರಿ ಆದೋರನ್ನ ಮೊದಲು ಗೆಲ್ಸಿ ಕಳ್ಸಿದ ಊರಿಗೆ ಇವತ್ತಿಗೂ ರೈಲಿಲ್ಲ 😂 ಹೆಜ್ಜಾಲ–ಕನಕಪುರ–ಚಾಮರಾಜನಗರ ಅಂತ ನಮ್ಮ ತಾತನ ಕಾಲದಿಂದ ಕೇಳ್ತಾನೇ ಇದೀವಿ.

ಬೊಂಬೆನಾಡು:
ಊರು ಬೇರೆ, ಕ್ಷೇತ್ರ ಬೇರೆ ಗುರು. ನಮ್ಮ ಚನ್ನಪಟ್ಟಣ, ರಾಮನಗರ, ಬಿಡದಿ ಎಲ್ಲಾ ಅದೇ ಕ್ಷೇತ್ರ, ಮೈಸೂರು ಲೈನು ಮಹಾರಾಜರ ಕಾಲದ್ದು. ಕನಕಪುರ ಪೇಟೆಗೆ ಇಲ್ಲ ಅನ್ನು. ಮತ್ತೆ ಅವರು ರೈಲ್ವೆ ಮಂತ್ರಿ ಆಗಿದ್ದು 1991ರಲ್ಲಿ. ಅಷ್ಟೊತ್ತಿಗೆ ನಮ್ಮನ್ನ ಬಿಟ್ಟು ಇಪ್ಪತ್ತು ವರ್ಷ ಹತ್ರ ಬಂದಿತ್ತು.

ಗೂಡು ಮಾರ್ಕೆಟ್:
14 ವರ್ಷ ಅಣ್ಣ, 77ರಿಂದ 91. ಬೊಂಬೆ ಕೆತ್ತೋಕೆ ಲೆಕ್ಕ ಬೇಡ್ವಾ?

ಬೊಂಬೆನಾಡು:
ಗೆದ್ದಿದ್ದು 71ರಲ್ಲಿ ಅಂತ ಎಣಿಸ್ದೆ. ಸರಿ ಬುಡು, ಗೂಡು ಮಾರೋನ ಮುಂದೆ ತೂಕದ ಮಾತು ಆಡ್ಬಾರ್ದಾಗಿತ್ತು.

ನಿವೃತ್ತ ಮೇಷ್ಟ್ರು:
ರಾಜಶೇಖರನ್ ಅವರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅವರು ಹೊರಗಿನವರಲ್ಲ, ಕನಕಪುರ ತಾಲ್ಲೂಕಿನ ಮರಳವಾಡಿಯವರೇ. ನಿಜಲಿಂಗಪ್ಪನವರ ಅಳಿಯ. ಆಗ ಕಾಂಗ್ರೆಸ್ಸಿನ ಗುರುತು ಜೋಡೆತ್ತು. 1971ರ ಹೊತ್ತಿಗೆ ಪಕ್ಷ ಒಡೆದಿತ್ತು, ಇಂದಿರಾ ಅವರ ಕಡೆಗೆ ಹಸು-ಕರು ಬಂದಿತ್ತು. ನಮ್ಮಪ್ಪ "ಎತ್ತಿಗೆ ಒತ್ತಿದ ಕೈ ಹಸೀಗೆ ಹೆಂಗೆ ಒತ್ತೋದು" ಅಂತ ಒದ್ದಾಡುತ್ತಿದ್ದುದು ನನಗೆ ನೆನಪಿದೆ. ಆಮೇಲೆ ಎಷ್ಟೋ ವರ್ಷ ಕಳೆದು 2004ರಲ್ಲಿ ರಾಜಶೇಖರನ್ ಕೇಂದ್ರದಲ್ಲಿ ಯೋಜನಾ ಖಾತೆ ರಾಜ್ಯ ಸಚಿವರಾದರು. 2020ರಲ್ಲಿ ತೀರಿಕೊಂಡರು.

ಚಂದ್ರಶೇಖರ ಮೂರ್ತಿಯವರೂ ನರಸಿಂಹರಾವ್ ಸರ್ಕಾರದಲ್ಲಿ ಹಣಕಾಸು ರಾಜ್ಯ ಸಚಿವರಾಗಿದ್ದರು. ಆರು ಸಲ ಗೆದ್ದವರ ಹೆಸರು ಇವತ್ತಿನ ಹುಡುಗರ ಬಾಯಲ್ಲಿ ಇಲ್ಲ. ಗೌಡರು, ಡಿಕೆ ಎಂಬ ಎರಡೇ ಹೆಸರಿನಲ್ಲಿ ಚರಿತ್ರೆ ಮುಗಿದುಹೋಗುತ್ತದೆ.

ದೊಡ್ಡಬಳ್ಳಾಪುರದವಳು:
ನನ್ನ ಗೋಳು ಇಲ್ಲೇ ಹೇಳ್ಕೋತೀನಿ, ಕ್ಷಮಿಸಿ. ನಾನು ಹುಟ್ಟಿ ಬೆಳೆದಿದ್ದು ಬೆಂಗಳೂರು ಗ್ರಾಮಾಂತರ ಜಿಲ್ಲೇಲಿ. ಓಟು ಹಾಕೋದು ಚಿಕ್ಕಬಳ್ಳಾಪುರಕ್ಕೆ. ನೀವು ಗ್ರಾಮಾಂತರ ಜಿಲ್ಲೇಲೇ ಇಲ್ಲ, ಆದ್ರೆ ಬೆಂಗಳೂರು ಗ್ರಾಮಾಂತರ ಎಂಪಿ ನಿಮ್ಮೋರು! ಇದು ಯಾವ ನ್ಯಾಯ ರೀ?

ಬಸ್‌ಸ್ಟ್ಯಾಂಡ್ ಭೈರ:
ಇದು ತಮಾಷೆಗೆ ಹೇಳ್ತಿದ್ದೀರಾ, ನಿಜಾನಾ?

ಗೆರೆಗಾರ:
ಸತ್ಯ ಕಣ್ರೀ. ಎಣಿಸಿ ನೋಡಿ. ಬೆಂಗಳೂರು ಗ್ರಾಮಾಂತರ ಲೋಕಸಭೆಯ ಎಂಟು ವಿಧಾನಸಭೆಗಳಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ರಾಮನಗರ ಜಿಲ್ಲೆಯವು. ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್ ಮೂರೂ ಬೆಂಗಳೂರು ನಗರ ಜಿಲ್ಲೆ. ಉಳಿದ ಕುಣಿಗಲ್ ತುಮಕೂರು ಜಿಲ್ಲೆ. ಗ್ರಾಮಾಂತರ ಜಿಲ್ಲೆಯ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಇಷ್ಟೂ ಚಿಕ್ಕಬಳ್ಳಾಪುರ ಲೋಕಸಭೆಗೆ ಸೇರಿವೆ. ಅಂದ್ರೆ ಗ್ರಾಮಾಂತರ ಕ್ಷೇತ್ರದಲ್ಲಿ ಗ್ರಾಮಾಂತರ ಜಿಲ್ಲೆಯ ಒಂದೇ ಒಂದು ಸೀಟೂ ಇಲ್ಲ.

ಯಾಕೆ ಹಿಂಗಾಯ್ತು ಅಂದ್ರೆ, 1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದು ಗ್ರಾಮಾಂತರ ಮಾಡಿದಾಗ ರಾಮನಗರ ಕಡೆಯ ನಾಲ್ಕು ತಾಲ್ಲೂಕೂ ಅದರೊಳಗಿದ್ವು. ಆಯೋಗ ಕೆಲಸ ಮಾಡ್ತಿದ್ದಾಗಿನ ನಕ್ಷೆ ಅದು. 2007ರ ಆಗಸ್ಟಲ್ಲಿ, ಕುಮಾರಸ್ವಾಮಿ ಮುಖ್ಯಮಂತ್ರಿ ಆಗಿದ್ದಾಗ, ರಾಮನಗರ ಬೇರೆ ಜಿಲ್ಲೆ ಆಯ್ತು. 2008ರ ಫೆಬ್ರುವರಿಯಲ್ಲಿ ಪುನರ್ವಿಂಗಡಣೆ ಜಾರಿಗೆ ಬಂತು. ಹೆಸರು ಚಾಲ್ತಿಗೆ ಬರೋ ಹೊತ್ತಿಗೆ ಹೆಸರಿನ ಆಧಾರ ಹೋಗಿತ್ತು.

ಆನೇಕಲ್ ಅಕ್ಕ:
ಮದುವೆ ಕಾರ್ಡ್ ಪ್ರಿಂಟ್ ಆಗಿ ಬರೋ ಅಷ್ಟರಲ್ಲಿ ಛತ್ರ ಬದಲಾದಂಗೆ 😄

ಕುಣಿಗಲ್ ಕೆರೆ:
ನಮ್ಮನ್ನ ಯಾರೂ ಕೇಳೋರೇ ಇಲ್ವಾ? ಜಿಲ್ಲೆ ತುಮಕೂರು, ಎಂಪಿ ಬೆಂಗಳೂರು. ಡಿಸಿ ಆಫೀಸ್ ಕೆಲಸ ಅಂದ್ರೆ ಉತ್ತರಕ್ಕೆ ಹೋಗ್ಬೇಕು, ಎಂಪಿ ಹುಡುಕ್ಬೇಕು ಅಂದ್ರೆ ದಕ್ಷಿಣಕ್ಕೆ.

ಉತ್ತರಹಳ್ಳಿ ಹಳಬ:
ಎಲ್ಲರೂ ಹೆಸರಿನ ಹಿಂದೆ ಬಿದ್ದಿದ್ದೀರಿ. ಕನಕಪುರ ಕ್ಷೇತ್ರ ಸತ್ತಿದ್ದಕ್ಕೆ ಕಾರಣ ನಮ್ಮ ಉತ್ತರಹಳ್ಳಿ. ಇದನ್ನ ಯಾರೂ ಹೇಳ್ತಿಲ್ಲವಲ್ಲ ಅಂತ ಬರೀತಿದ್ದೀನಿ.

1970ರ ದಶಕದ ಗೆರೆಗಳೇ ಮೂವತ್ತು ವರ್ಷ ನಡೆದ್ವು. ತುರ್ತು ಪರಿಸ್ಥಿತಿ ಕಾಲದ 42ನೇ ತಿದ್ದುಪಡಿ ಸೀಟುಗಳನ್ನ 1971ರ ಜನಗಣತಿಗೆ ಕಟ್ಟಿಹಾಕಿಬಿಡ್ತು. ಗೆರೆ ನಿಂತ್ರೂ ಜನ ನಿಲ್ತಾರಾ? ಉತ್ತರಹಳ್ಳಿ ಅನ್ನೋ ವಿಧಾನಸಭಾ ಕ್ಷೇತ್ರ ಬೆಂಗಳೂರನ್ನ ಅರ್ಧಚಂದ್ರದಂಗೆ ಸುತ್ತಿಕೊಂಡಿತ್ತು. ನಾನು 1983ರಲ್ಲಿ ಇಲ್ಲಿಗೆ ಬಂದಾಗ ಮನೆ ಮುಂದೆ ರಾಗಿ ಹೊಲ, ಹಿಂದೆ ಹುಣಸೆ ತೋಪು. ಸಂಜೆ ಏಳಕ್ಕೆ ಕೊನೇ ಬಸ್ಸು. ಇಪ್ಪತ್ತು ವರ್ಷ ಕಳೆಯೋ ಹೊತ್ತಿಗೆ ಸೊಸೈಟಿ ಲೇಔಟು, ರೆವಿನ್ಯೂ ಸೈಟು, ಅಪಾರ್ಟ್‌ಮೆಂಟು. ದೇಶದಲ್ಲೇ ಅತಿ ಹೆಚ್ಚು ಮತದಾರರಿದ್ದ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದು ಅನ್ನಿಸ್ಕೊಳ್ತು. ಸಾತನೂರು ಕ್ಷೇತ್ರಕ್ಕೂ ಒಬ್ಬ ಶಾಸಕ, ನಮಗೂ ಒಬ್ಬ ಶಾಸಕ.

ಲೋಕಸಭೆಗೆ ಎಣಿಸುವಾಗ ಏನಾಗ್ತಿತ್ತು ಗೊತ್ತಾ? ಹಳ್ಳಿ ಕಡೆ ಪೆಟ್ಟಿಗೆ ಎಲ್ಲಾ ಎಣಿಸಿ ಇವರು ಗೆದ್ರು ಅಂತ ಪಟಾಕಿ ಹೊಡೆಯೋರು, ಉತ್ತರಹಳ್ಳಿ ಲೆಕ್ಕ ಬಂದ ತಕ್ಷಣ ಪಟಾಕಿ ಬೇರೆ ಬೀದೀಲಿ ಹೊಡೀಬೇಕಾಗ್ತಿತ್ತು. ಹೆಸರು ಕನಕಪುರ, ತಕ್ಕಡಿ ನಮ್ಮ ಕೈಲಿ. ಕೊನೆಗೆ 2008ರಲ್ಲಿ ನಮ್ಮನ್ನ ಚೂರುಚೂರು ಮಾಡಿ ಬೇರೆಬೇರೆ ಕ್ಷೇತ್ರಕ್ಕೆ ಹಂಚಿದ್ರು. ನಮ್ಮ ಶಾಸಕರಾಗಿದ್ದ ಆರ್. ಅಶೋಕ್ ಪದ್ಮನಾಭನಗರಕ್ಕೆ ಹೋದ್ರು.

ಗೂಡು ಮಾರ್ಕೆಟ್:
ಅಂದ್ರೆ 1998ರಲ್ಲಿ ಬಿಜೆಪಿ ಗೆದ್ದಿದ್ದು ನಿಮ್ಮಿಂದ ಅಂತ ಒಪ್ಕೊಂಡಂಗಾಯ್ತು.

ಉತ್ತರಹಳ್ಳಿ ಹಳಬ:
ಒಪ್ಕೋತೀನಿ, ಅದರಲ್ಲೇನು ನಾಚಿಕೆ? ಆಗ ಹಳ್ಳಿ ಕಡೆ ಕಮಲದ ಗುರುತು ಹಿಡಿದು ಓಡಾಡೋರು ಎಷ್ಟು ಜನ ಇದ್ರು ಹೇಳಿ.

ಸಾತನೂರು ಸಂತೆ:
ಇದ್ದದ್ದು ಇದ್ದಂಗೆ ಹೇಳ್ತೀನಿ, ಪೂರ್ತಿ ನಿಮ್ಮ ಲೆಕ್ಕದಂಗೆ ಆಗಿದ್ರೆ 1999ರಲ್ಲಿ ಚಂದ್ರಶೇಖರ ಮೂರ್ತಿ ಹೆಂಗೆ ಗೆದ್ರು? 2002ರಲ್ಲಿ ದೇವೇಗೌಡ್ರು ಹೆಂಗೆ ಗೆದ್ರು? ತೇಜಸ್ವಿನಿ? ಪೇಟೆಯೋರು ಇದ್ರೂ ಮೂರು ಸಲ ಬಿಜೆಪಿ ಸೋತೈತೆ. ಪೇಟೆ ಓಟು ಅಂದ್ರೆ ಒಂದೇ ಪಕ್ಷ ಅನ್ನೋದು ಈಗಿನ ಕಾಲದ ಕನ್ನಡಕ.

ಬೊಂಬೆನಾಡು:
👆 ಸರಿಯಾಗಿ ಹೇಳ್ದೆ ಸಂತೆ.

ಕಬ್ಬಾಳು ಕಡೆಯವ:
2002ರದ್ದು ನನಗೆ ಮಸುಕು ಮಸುಕಾಗಿ ನೆನಪೈತೆ. ಊರಿಗೆ ದಿನಾ ಒಬ್ಬೊಬ್ಬ ಮಂತ್ರಿ. ಕಾರು ಎಣಿಸೋದೇ ನಮ್ಗೆ ಆಟ.

ಸಾತನೂರು ಸಂತೆ:
ಎಣಿಸದೇ ಇರ್ತೀರಾ! ಚಂದ್ರಶೇಖರ ಮೂರ್ತಿ ತೀರ್ಕೊಂಡಿದ್ದಕ್ಕೆ ಬಂದ ಉಪಚುನಾವಣೆ. ಒಂದ್ಕಡೆ ಪ್ರಧಾನಿ ಆಗಿದ್ದೋರು, ಇನ್ನೊಂದ್ಕಡೆ ಎಸ್.ಎಂ. ಕೃಷ್ಣ ಸರ್ಕಾರದ ಮಂತ್ರಿ ಡಿ.ಕೆ. ಶಿವಕುಮಾರ್. ದೇವೇಗೌಡ್ರು 1999ರಲ್ಲಿ ಹಾಸನದಲ್ಲೇ ಸೋತಿದ್ರು. ಇಲ್ಲೂ ಸೋತ್ರೆ ಕಥೆ ಮುಗೀತು ಅಂತ ಟೀ ಅಂಗಡೀಲಿ ಮಾತು. ಗೆದ್ರು.

ಆದ್ರೆ ಈ ಜಿದ್ದು ಅವತ್ತು ಶುರುವಾದ್ದಲ್ಲ. 1985ರಲ್ಲಿ ಸಾತನೂರು ವಿಧಾನಸಭೇಲಿ ಹೊಸ ಹುಡುಗ ಡಿಕೆಶಿ ಗೌಡ್ರ ಎದುರು ನಿಂತು ಸೋತಿದ್ರು. 89ರಲ್ಲಿ ಅದೇ ಸಾತನೂರಲ್ಲಿ ಗೆದ್ರು. 99ರಲ್ಲಿ ಕುಮಾರಸ್ವಾಮಿ ಸಾತನೂರಿಗೆ ಬಂದು ನಿಂತ್ರು, ಅವರನ್ನ ಡಿಕೆಶಿ ಸೋಲ್ಸಿದ್ರು. 2002ರಲ್ಲಿ ಗೌಡ್ರು ತಿರುಗಿಸಿ ಕೊಟ್ರು. 2004ರಲ್ಲಿ ಡಿಕೆಶಿ ಕಡೆಯಿಂದ ತೇಜಸ್ವಿನಿ. ಹೊಲದ ಬದು ಜಗಳ ಇದ್ದಂಗೆ. ಎರಡು ಮನೆಯೋರೂ ಬದು ಬಿಡಲ್ಲ, ಸರ್ವೆಯೋರು ಬಂದು ಹೊಲದ ಹೆಸರೇ ಬದಲಾಯಿಸಿದ್ರೂ ಬಿಡಲ್ಲ.

ಹೊಸಬ 2009:
2004ರಲ್ಲಿ ದೇವೇಗೌಡರು ಎರಡನೇ ಸ್ಥಾನ ಅಲ್ವಾ? ಸಣ್ಣ ಅಂತರದ ಸೋಲು ಅಂತ ಓದಿದ್ದೆ.

ಗೆರೆಗಾರ:
ಅಲ್ಲ. ಎರಡನೇ ಸ್ಥಾನ ಬಿಜೆಪಿಯ ರಾಮಚಂದ್ರ ಗೌಡರದ್ದು, ದೇವೇಗೌಡರು ಮೂರನೇ ಸ್ಥಾನಕ್ಕೆ ಹೋದ್ರು. ಅವರಿಬ್ಬರ ಮಧ್ಯೆ ಅಂತರ ಕಮ್ಮಿ, ನೀವು ಓದಿದ್ದು ಅದಿರಬಹುದು. ತೇಜಸ್ವಿನಿ ಗೆದ್ದಿದ್ದು ಒಂದು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ. ಟಿವಿ ಪತ್ರಕರ್ತೆ ಆಗಿದ್ದೋರು, ಮೊದಲ ಚುನಾವಣೇಲೇ ಮಾಜಿ ಪ್ರಧಾನಿ ವಿರುದ್ಧ. ಆದ್ರೆ ಗೌಡರು ಹಾಸನದಲ್ಲೂ ನಿಂತಿದ್ರು, ಅಲ್ಲಿ ಗೆದ್ದು ಲೋಕಸಭೆಗೆ ಹೋದ್ರು.

ಹೊಸಬ 2009:
ಧನ್ಯವಾದ. ಮೂರನೇ ಸ್ಥಾನ ಅನ್ನೋದು ಗೊತ್ತಿರಲಿಲ್ಲ.

ಆನೇಕಲ್ ಅಕ್ಕ:
ಆ ಹೆಣ್ಣುಮಗಳು ಪ್ರಚಾರಕ್ಕೆ ಬಂದಾಗ ನಮ್ಮತ್ತೆ ಸೆರಗು ಹೊದ್ದು ಹೊರಗೆ ಬಂದು ನಿಂತಿದ್ರು. ಅಲ್ಲೀವರೆಗೂ ಗಂಡಸರು ಹೇಳಿದ ಗುರುತಿಗೆ ಒತ್ತಿ ಬರೋರು. ಅವತ್ತು ಯಾರಿಗೆ ಹಾಕಿದ್ರಿ ಅತ್ತೆ ಅಂದ್ರೆ "ಅದು ಗುಟ್ಟು ಅಂತ ಮೇಷ್ಟ್ರು ಹೇಳಿಲ್ವಾ" ಅಂದ್ಬಿಟ್ರು. ನಮ್ಮ ಮಾವ ಎರಡು ದಿನ ಮಾತಾಡಲಿಲ್ಲ. ತೇಜಸ್ವಿನಿ ಆಮೇಲೆ ಬಿಜೆಪಿಗೆ ಹೋಗಿ, 2024ರಲ್ಲಿ ಮತ್ತೆ ಕಾಂಗ್ರೆಸ್ಸಿಗೆ ಬಂದ್ರಲ್ಲ, ಅಷ್ಟೊತ್ತಿಗೆ ಅತ್ತೆ ಇರಲಿಲ್ಲ. ಇದ್ದಿದ್ರೆ ಏನಂತಿದ್ರೋ.

ನಿವೃತ್ತ ಮೇಷ್ಟ್ರು:
ಗುಟ್ಟು ಅಂತ ಹೇಳಿದ ಮೇಷ್ಟ್ರುಗಳಲ್ಲಿ ನಾನೂ ಒಬ್ಬನಿರಬಹುದು ತಾಯಿ! ಚುನಾವಣಾ ಡ್ಯೂಟಿ ಎಷ್ಟು ಮಾಡಿದ್ದೇನೆಂದು ಲೆಕ್ಕವಿಲ್ಲ. 1996ರಲ್ಲಿ ನನಗೆ ಬಿದ್ದದ್ದು ಕೋಡಿಹಳ್ಳಿ ಕಡೆಯ ಕಾಡಂಚಿನ ಬೂತ್. ಕನಕಪುರದಲ್ಲಿ ಮಸ್ಟರಿಂಗ್ ಮುಗಿಸಿ, ಕಬ್ಬಿಣದ ಪೆಟ್ಟಿಗೆ, ಮತಪತ್ರದ ಕಟ್ಟು, ಅರಗು, ದಾರ, ಬೆರಳಿಗೆ ಹಚ್ಚುವ ಮೈಸೂರು ಶಾಯಿ ಎಲ್ಲ ಹೇರಿಕೊಂಡು ಲಾರಿಯಲ್ಲಿ ಹೊರಟೆವು. ಶಾಲೆಯ ಒಂದೇ ಕೋಣೆ, ಹೆಂಚು ಹೋಗಿತ್ತು. ರಾತ್ರಿ ಆನೆ ಬಂದಿದೆ ಅಂತ ಊರವರು ತಮಟೆ ಬಡಿದರು. ನಾವು ನಾಲ್ಕು ಜನ ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು ಕೂತೆವು. ಆನೆಗೆ ಪೆಟ್ಟಿಗೆ ಬೇಕಿರಲಿಲ್ಲ, ಪಕ್ಕದ ಹೊಲದ ಹಲಸಿನ ಹಣ್ಣು ಬೇಕಿತ್ತು.

ಬೆಳಿಗ್ಗೆ ಮೊದಲು ಬಂದದ್ದು ಒಬ್ಬ ಮುದುಕಪ್ಪ. ರಬ್ಬರ್ ಮೊಹರನ್ನು ಸ್ಟಾಂಪ್ ಪ್ಯಾಡಿಗೆ ಒತ್ತಿ ಕೊಟ್ಟೆ. ಮತಪತ್ರ ಉದ್ದುದ್ದ, ಅಭ್ಯರ್ಥಿಗಳ ಸಾಲು. ಅದನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಬೇಕು. ತಿರುವುಮುರುವು ಮಡಚಿದರೆ ಹಸಿ ಶಾಯಿ ಪಕ್ಕದ ಗುರುತಿಗೂ ಅಂಟಿ, ಎಣಿಸುವಾಗ ತಕರಾರು. ಆ ಯಜಮಾನರು ಒತ್ತಿದವರು ಊದಿ ಊದಿ ಒಣಗಿಸುತ್ತಾ ನಿಂತುಬಿಟ್ಟರು. ಹಿಂದೆ ಸಾಲು ಬೆಳೆಯುತ್ತಿದೆ. "ಯಜಮಾನ್ರೇ ಸಾಕು" ಅಂದರೆ, "ಇರು ಮೇಷ್ಟ್ರೇ, ನನ್ನ ಓಟು ಇನ್ನೊಬ್ಬನಿಗೆ ಅಂಟ್ಕೊಂಡುಬುಟ್ಟಾತು" ಎಂದರು. 2004ರಲ್ಲಿ ಯಂತ್ರ ಬಂತು. ಪೀಂ ಅಂದರೆ ಮುಗಿಯಿತು. ಊದುವ ಕೆಲಸವಿಲ್ಲ.

ಕಬ್ಬಾಳು ಕಡೆಯವ:
ಮೇಷ್ಟ್ರೇ, ಇದನ್ನ ಅವ್ವಂಗೆ ಓದಿ ಹೇಳ್ದೆ. "ಬಿಳಿ ಕಾಗ್ದ ದಿಲ್ಲೀದು, ಗುಲಾಬಿ ಕಾಗ್ದ ಬೆಂಗ್ಳೂರ್ದು" ಅಂತಾವ್ರೆ. ಏನದು?

ನಿವೃತ್ತ ಮೇಷ್ಟ್ರು:
ತಾಯಿಗೆ ನಮಸ್ಕಾರ ಹೇಳಪ್ಪ. ಲೋಕಸಭೆಗೆ ಬಿಳಿ ಮತಪತ್ರ, ವಿಧಾನಸಭೆಗೆ ಗುಲಾಬಿ. 1989 ಮತ್ತು 1999ರಲ್ಲಿ ಎರಡೂ ಚುನಾವಣೆ ಒಟ್ಟಿಗೇ ಆದವು, ಎರಡೂ ಕೈಗೆ ಕೊಡುತ್ತಿದ್ದೆವು. ಅವರ ನೆನಪು ಅಚ್ಚುಕಟ್ಟಾಗಿದೆ.

ಬಸ್‌ಸ್ಟ್ಯಾಂಡ್ ಭೈರ:
89 ಅಂದ್ರೆ ನೆನಪಾಯ್ತು. ಅವತ್ತು ಕನಕಪುರ ವಿಧಾನಸಭೇಲಿ ದೇವೇಗೌಡ್ರು ನಿಂತು ಸೋತ್ರು, ಪಿ.ಜಿ.ಆರ್. ಸಿಂಧ್ಯಾ ಗೆದ್ರು. ಹೊಳೆನರಸೀಪುರದಲ್ಲೂ ಗೌಡ್ರು ಸೋತಿದ್ರು. ಇಲ್ಲೆಲ್ಲಾ ಜಾತಿ ಲೆಕ್ಕ ಅನ್ನೋರಿಗೆ ನಾನು ಸಿಂಧ್ಯಾ ಹೆಸರು ಹೇಳ್ತೀನಿ. ಮರಾಠ ಸಮುದಾಯದೋರು, ಓಟು ಬೆರಳೆಣಿಕೆ, ಒಕ್ಕಲಿಗರ ಕೋಟೇಲಿ ಸಾಲಾಗಿ ಗೆದ್ಕೊಂಡು ಬಂದ್ರು.

ಬೊಂಬೆನಾಡು:
ಸಿಂಧ್ಯಾ ಅಂದ್ರೆ ಇನ್ನೊಂದು. 1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದಾಗ ಶಾಸಕರೇ ಆಗಿರಲಿಲ್ಲ. ಸಿಂಧ್ಯಾ ತಮ್ಮ ಸೀಟು ಬಿಟ್ಟುಕೊಟ್ರು, ಹೆಗಡೆ ಕನಕಪುರದಿಂದ ಗೆದ್ದು ಒಳಗೆ ಬಂದ್ರು. ಶಿರಸಿ ಕಡೆಯ ಮನುಷ್ಯ ಕನಕಪುರ ಶಾಸಕ!

ಹೊಸಬ 2009:
ಈ ಭಾಗದಿಂದ ಮುಖ್ಯಮಂತ್ರಿಗಳು ಎಷ್ಟು ಜನ ಆಗಿದ್ದಾರೆ ಹಾಗಾದ್ರೆ?

ಬೊಂಬೆನಾಡು:
ಕೆಂಗಲ್ ಹನುಮಂತಯ್ಯ ರಾಮನಗರ. ಹೆಗಡೆ ಕನಕಪುರ, ಮೊದಲ ಅವಧಿಗೆ. ದೇವೇಗೌಡ್ರು 1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿ, ಒಂದೂವರೆ ವರ್ಷಕ್ಕೆ ಪ್ರಧಾನಿ. ಕುಮಾರಸ್ವಾಮಿ 2006ರಲ್ಲಿ ರಾಮನಗರದಿಂದ, 2018ರಲ್ಲಿ ನಮ್ಮ ಚನ್ನಪಟ್ಟಣದಿಂದ. ನೀರು ಕುಡಿಯೋದಕ್ಕೆ ಮುಂಚೆ ಒಂದ್ಸಲ ನಮ್ಮೂರ ಕಡೆ ಕೈ ಮುಗೀರಿ.

ಕುಣಿಗಲ್ ಕೆರೆ:
ಇಷ್ಟು ಮುಖ್ಯಮಂತ್ರಿಗಳು ಬಂದ್ರೂ ಮಾವಿನ ಸೀಸನ್ನಲ್ಲಿ ರೈತ ರಸ್ತೆಗೆ ಹಣ್ಣು ಸುರೀತಾನೆ. ಕೈ ಮುಗಿಯೋದು ಯಾರಿಗೆ?

ಬೊಂಬೆನಾಡು:
ಹೋಗ್ಲಿ ಬುಡಣ್ಣ, ಮೂಡು ಕೆಡಿಸ್ಬೇಡ.

ಚಿಕ್ಕಮಗಳೂರು ಕಾಫಿ:
ನೀವೊಬ್ಬರೇ ಅಳ್ತಾ ಇದ್ದೀರಿ. 2008ರಲ್ಲಿ ನಮ್ಮ ಚಿಕ್ಕಮಗಳೂರೂ ಹೋಯ್ತು. 1978ರಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರ ಎದುರು ಗೆದ್ದ ಕ್ಷೇತ್ರ ಸ್ವಾಮಿ. ಈಗ ಉಡುಪಿ-ಚಿಕ್ಕಮಗಳೂರು. ಘಟ್ಟದ ಮೇಲಿನವರು, ಕೆಳಗಿನವರು ಒಂದೇ ಚೀಲದಲ್ಲಿ. ಮಂಗಳೂರು ಹೋಗಿ ದಕ್ಷಿಣ ಕನ್ನಡ ಆಯ್ತು, ಧಾರವಾಡ ದಕ್ಷಿಣ ಹೋಗಿ ಹಾವೇರಿ ಆಯ್ತು.

ಗೆರೆಗಾರ:
ವ್ಯತ್ಯಾಸ ಇದೆ. ಚಿಕ್ಕಮಗಳೂರು ಅನ್ನೋ ಹೆಸರು ಅರ್ಧ ಆದ್ರೂ ಉಳೀತು. ಹಾವೇರಿ ಅಂದ್ರೆ ಹಾವೇರಿಯೋರಿಗೆ ತಮ್ಮದು ಅನ್ನಿಸ್ತದೆ. ಕನಕಪುರ ಹೋದ ಜಾಗಕ್ಕೆ ಊರಿನ ಹೆಸರು ಬರಲಿಲ್ಲ, "ಬೆಂಗಳೂರಿನ ಪಕ್ಕದ ಹಳ್ಳಿಗಳು" ಅನ್ನೋ ಅರ್ಥದ ಹೆಸರು ಬಂತು. ಮಾಗಡಿ ಕೆಂಪೇಗೌಡರ ಊರು ರೀ. ಬೆಂಗಳೂರು ಕಟ್ಟಿದ ಮನೆತನದ ಊರನ್ನ ಬೆಂಗಳೂರಿನ ಹೊರವಲಯ ಅಂತ ಕರೆದಂಗಾಯ್ತು. ಮಗನ ಹೆಸರಿಂದ ಅಪ್ಪನನ್ನ ಗುರುತಿಸಿದಂಗೆ.

ಉತ್ತರಹಳ್ಳಿ ಹಳಬ:
ಇದು ಭಾವುಕತೆ. ಕನಕಪುರ ಅನ್ನೋ ಹೆಸರಲ್ಲಿ ನಾವು, ಆನೇಕಲ್‌ನವರು ಇದ್ದಾಗ ನಮಗೂ ಹಂಗೇ ಅನ್ನಿಸ್ತಿತ್ತು. ನಾನು ಕನಕಪುರ ಪೇಟೆಗೆ ಹೋಗಿದ್ದೇ ಜೀವನದಲ್ಲಿ ಮೂರು ಸಲ. ಅದರಲ್ಲಿ ಎರಡು ಸಲ ಸಂಗಮಕ್ಕೆ ಹೋಗ್ತಾ ದಾರೀಲಿ ಟೀ ಕುಡಿಯೋಕೆ.

ಗೆರೆಗಾರ:
ಇದಕ್ಕೆ ಉತ್ತರ ಇಲ್ಲ ನನ್ನ ಹತ್ರ 🙂 ನ್ಯಾಯವಾದ ಮಾತು.

ಸಾತನೂರು ಸಂತೆ:
ಹೆಸರಿನ ವಿಷಯ ಎತ್ತಿದ್ರೆ ಕನಕಪುರ ಅನ್ನೋದೇ ಹಳೇದಲ್ಲ. ನಮ್ಮ ತಾತ ಸಾಯೋವರೆಗೂ ಕಾನಕಾನಹಳ್ಳಿ ಅಂತಿದ್ದ. ರಾಮನಗರ ಕ್ಲೋಸ್‌ಪೇಟೆ ಆಗಿತ್ತು, ಯಾವನೋ ಬ್ರಿಟಿಷ್ ಕ್ಲೋಸ್ ಅನ್ನೋನ ಹೆಸರು. ಸಾತನೂರು ವಿಧಾನಸಭಾ ಕ್ಷೇತ್ರವೂ 2008ರಲ್ಲಿ ಕನಕಪುರದೊಳಗೆ ಕರಗಿಹೋಯ್ತು, ಡಿಕೆಶಿ ಅಲ್ಲಿಂದ ಕನಕಪುರಕ್ಕೆ ಬಂದಿದ್ದೇ ಹಂಗೆ. ನಿಮ್ಗೆ ಲೋಕಸಭೆ ಒಂದು ಹೋಗಿದ್ದು, ನಮ್ಗೆ ಎರಡೂ ಹೋದ್ವು. ನಾವು ಅತ್ವಾ?

ದೊಡ್ಡಬಳ್ಳಾಪುರದವಳು:
ಈಗಿನದ್ದು ಕೇಳಿ ಇನ್ನೂ ತಲೆ ಕೆಡಿಸ್ಕೊಳ್ಳಿ. 2025ರಲ್ಲಿ ರಾಮನಗರ ಜಿಲ್ಲೆನ ಬೆಂಗಳೂರು ದಕ್ಷಿಣ ಜಿಲ್ಲೆ ಅಂತ ಮಾಡಿದ್ರು. ನಮ್ಮ ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಅಂತ ಹೆಸರಿಡೋಕೆ ನಂದಿಬೆಟ್ಟದಲ್ಲಿ ಸೇರಿದ್ದ ಸಂಪುಟ ಒಪ್ಪಿಗೆ ಕೊಡ್ತು.

ಗೆರೆಗಾರ:
ಹೌದು. ಅಲ್ಲಿಗೆ ಲೆಕ್ಕ ಹಿಂಗಾಗ್ತದೆ. ಬೆಂಗಳೂರು ದಕ್ಷಿಣ ಜಿಲ್ಲೆಯವರು ಓಟು ಹಾಕೋದು ಬೆಂಗಳೂರು ಗ್ರಾಮಾಂತರಕ್ಕೆ. ಬೆಂಗಳೂರು ದಕ್ಷಿಣ ಅನ್ನೋ ವಿಧಾನಸಭಾ ಕ್ಷೇತ್ರದವರು ಹಾಕೋದೂ ಬೆಂಗಳೂರು ಗ್ರಾಮಾಂತರಕ್ಕೆ. ಬೆಂಗಳೂರು ದಕ್ಷಿಣ ಲೋಕಸಭೆಗೆ ಹಾಕೋರು ಜಯನಗರ, ಬಸವನಗುಡಿ ಕಡೆಯೋರು. ಗ್ರಾಮಾಂತರ ಜಿಲ್ಲೆಯೋರು ಚಿಕ್ಕಬಳ್ಳಾಪುರಕ್ಕೆ. ಜಿಲ್ಲೆ ಹೆಸರು ರಾಜ್ಯ ಸರ್ಕಾರ ಬದಲಾಯಿಸಬಹುದು, ಲೋಕಸಭಾ ಕ್ಷೇತ್ರದ ಹೆಸರಿಗೆ ಮುಂದಿನ ಪುನರ್ವಿಂಗಡಣೆ ಕಾಯಬೇಕು.

ಆನೇಕಲ್ ಅಕ್ಕ:
ಪೋಸ್ಟ್‌ಮನ್ ಕೆಲಸಕ್ಕೆ ರಾಜೀನಾಮೆ ಕೊಡ್ತಾನೆ.

ಹೊಸಬ 2009:
ಪಟ್ಟಿ ಪೂರ್ತಿ ಮಾಡಿ ಅಣ್ಣ, ಹುಡುಗಿ ಪ್ರಾಜೆಕ್ಟಿಗೆ ಬೇಕಲ್ಲ. 2009ರಿಂದ ನಾನು ಹೇಳ್ತೀನಿ, ನಾನು ಮೊದಲ ಸಲ ಓಟು ಹಾಕಿದ್ದು ಅವತ್ತೇ. ಗ್ರಾಮಾಂತರದ ಮೊದಲ ಎಂಪಿ ಕುಮಾರಸ್ವಾಮಿ, ಸೋತಿದ್ದು ಯೋಗೇಶ್ವರ್. 2013ರಲ್ಲಿ ಕುಮಾರಸ್ವಾಮಿ ರಾಮನಗರ ಶಾಸಕರಾಗಿ ಎಂಪಿ ಸ್ಥಾನ ಬಿಟ್ರು, ಉಪಚುನಾವಣೇಲಿ ಡಿ.ಕೆ. ಸುರೇಶ್ ಅನಿತಾ ಕುಮಾರಸ್ವಾಮಿ ಅವರನ್ನ ಸೋಲಿಸಿದ್ರು. 2014, 2019 ಮತ್ತೆ ಸುರೇಶ್. 2019ರಲ್ಲಂತೂ ಇಡೀ ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು ಇದೊಂದೇ ಸೀಟು. 2024ರಲ್ಲಿ ಡಾ. ಸಿ.ಎನ್. ಮಂಜುನಾಥ್ ಬಿಜೆಪಿಯಿಂದ ನಿಂತು ಸುಮಾರು 2.69 ಲಕ್ಷ ಅಂತರದಲ್ಲಿ ಗೆದ್ರು. ಜಯದೇವ ಆಸ್ಪತ್ರೆಯ ನಿರ್ದೇಶಕರಾಗಿದ್ದೋರು, ದೇವೇಗೌಡರ ಅಳಿಯ.

ಗೂಡು ಮಾರ್ಕೆಟ್:
ಮೊದಲ ಎಂಪಿ ನಿಜಲಿಂಗಪ್ಪನವರ ಅಳಿಯ, ಈಗಿನ ಎಂಪಿ ದೇವೇಗೌಡ್ರ ಅಳಿಯ. ಅಳಿಯಂದಿರ ಕ್ಷೇತ್ರ ಅಂತ ಹೆಸರಿಟ್ರೆ ಯಾವ ಜಿಲ್ಲೆಯೋರಿಗೂ ತಕರಾರಿಲ್ಲ.

ಬಸ್‌ಸ್ಟ್ಯಾಂಡ್ ಭೈರ:
😂😂 ಮುಗೀತು, ಈ ಚರ್ಚೆಗೆ ಬೀಗ ಹಾಕಿ.

ಉತ್ತರಹಳ್ಳಿ ಹಳಬ:
ಒಂದ್ನಿಮಿಷ. ಮಂಜುನಾಥ್ ಗೆದ್ದಿದ್ದರಲ್ಲೂ ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣದ ಓಟಿನ ಪಾಲು ದೊಡ್ಡದು. ನಾನು ಹೇಳಿದ್ದು ಅದನ್ನೇ. ಹೆಸರು ಬದಲಾದ್ರೂ ತಕ್ಕಡಿ ಎಲ್ಲಿತ್ತೋ ಅಲ್ಲೇ ಇದೆ. ಈಗ ಮೆಟ್ರೋ ಬೇರೆ ಕನಕಪುರ ರಸ್ತೇಲಿ ರೇಷ್ಮೆ ಸಂಸ್ಥೆವರೆಗೂ ಬಂದಿದೆ.

ಸಾತನೂರು ಸಂತೆ:
ನಿಮ್ಗೆ ಮೆಟ್ರೋ ರೇಷ್ಮೆ ಹೆಸರಿನ ಸ್ಟೇಷನ್‌ವರೆಗೂ ಬಂತು, ರೇಷ್ಮೆ ಬೆಳೆಯೋರ ಹತ್ರಕ್ಕೆ ಬಸ್ಸೂ ಸರಿಯಾಗಿ ಬರಲ್ಲ. ಗ್ರಾಮಾಂತರ ಅಂದ್ರೆ ಇದೇ ಇರ್ಬೇಕು.

ಉತ್ತರಹಳ್ಳಿ ಹಳಬ:
ಅದಕ್ಕೆ ನನ್ನನ್ನ ಬೈದ್ರೆ ಹೆಂಗೆ ಸಂತೆ ಅವರೇ. ನಾನೂ ಎರಡು ಬಸ್ಸು ಬದಲಾಯಿಸೇ ಮೆಟ್ರೋ ಹತ್ತೋದು.

ಕಬ್ಬಾಳು ಕಡೆಯವ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ಮಗಳ ಜೊತೆ ಹೊಸ ಹಾಳೆ ಮಾಡಿದ್ವಿ. ಮೇಲ್ಗಡೆ ಬೆಂಗಳೂರು ಗ್ರಾಮಾಂತರ, 2009ರಿಂದ. ಕೆಳಗೆ ಗೀಟು ಹಾಕಿ ಕನಕಪುರ, 1967ರಿಂದ 2008. ಕರಪತ್ರ ಅಂಟಿಸ್ತೀನಿ ಅಂತ ಮಗಳು ಗೋಂದು ತಂದ್ಲು. ಅವ್ವ ಬಿಡಲಿಲ್ಲ. "ಹಿಂದ್ಗಡೆ ನಿಮ್ಮಪ್ಪನ ಅಕ್ಷರ ಐತೆ, ಅಂಟಿಸ್ಬುಟ್ರೆ ಕಾಣಕ್ಕಿಲ್ಲ" ಅಂದ್ರು. ಜೆರಾಕ್ಸ್ ಮಾಡ್ಸಿ ಅಂಟಿಸ್ದೋ.

ಮೇಷ್ಟ್ರೇ, ಅವ್ವ ಕೇಳ್ತಾವ್ರೆ, ಕೋಡಿಹಳ್ಳಿ ಕಡೆ ಯಾವ ಊರಿನ ಬೂತು ಅಂತ. ಅವರ ತವರು ಆ ಕಡೆನೇ.

ನಿವೃತ್ತ ಮೇಷ್ಟ್ರು:
ಊರಿನ ಹೆಸರು ಇಲ್ಲಿ ಎಲ್ಲರ ಮುಂದೆ ಬೇಡಪ್ಪ, ಆ ಯಜಮಾನರ ಮನೆಯವರು ಓದಿದರೆ ಕಷ್ಟ. ಖಾಸಗಿ ಸಂದೇಶದಲ್ಲಿ ಕಳಿಸುತ್ತೇನೆ. ಶಾಲೆ ಮುಂದೆ ದೊಡ್ಡ ಹಲಸಿನ ಮರ ಇತ್ತಾ ಅಂತ ತಾಯಿಯನ್ನು ಕೇಳು.

ಕಬ್ಬಾಳು ಕಡೆಯವ:
ಕೇಳ್ದೆ. "ಎರಡಿದ್ವು, ಒಂದನ್ನ ಆನೆ ಕೆಡವ್ತು" ಅಂತಾವ್ರೆ.

ಗೂಡು ಮಾರ್ಕೆಟ್:
ಆ ಕರಪತ್ರದ ಹಿಂದಿನ ಲೆಕ್ಕದಲ್ಲಿ 96ರಲ್ಲಿ ಗೂಡು ಕೆಜಿಗೆ ಎಷ್ಟು ಅಂತ ಬರೆದೈತೆ ನೋಡಿ ಹೇಳಣ್ಣ. ನಂಗೆ ಅದೇ ಬೇಕಾಗಿರೋದು.